ಗೋಡೆಯ ಬೂಷ್ಟು, ಬಳ್ಳಿಯ ಕೊಳೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮನೆ ಮಡಿಕೇರಿಯಲ್ಲಿ. ಜುಲೈ ಬಂತೆಂದರೆ ಮಲಗುವ ಕೋಣೆಯ ಬೀರುವಿನ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಪ್ರತಿ ಬೇಸಿಗೆಯಲ್ಲೂ ಬಣ್ಣ ಹೊಡೆಸುತ್ತೇವೆ, ಮಳೆ ಹಿಡಿದ ಮೇಲೆ ಮತ್ತೆ ಅದೇ ಕತೆ. ಯಾವ ಬಣ್ಣ ಹಾಕಿಸಿದರೆ ಒಳ್ಳೆಯದು?

ಉತ್ತರ: ಬಣ್ಣದ ಮಾತು ಆಮೇಲೆ. ಆ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು. ಗೋಡೆಯನ್ನು ಒಣಬಟ್ಟೆಯಿಂದ ಒತ್ತಿ ನೀರು ತೆಗೆದು, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಕಡೆಗಿನ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ: ಹೊರಗಾರೆಯ ಬಿರುಕು, ಕಿಟಕಿಯ ಸಂದು, ಸೋರುವ ದಂಬೆ, ಇಲ್ಲವೇ ಹಿಂದಿನ ಬರೆಯ (ಕಡಿದ ದಿಣ್ಣೆಯ) ಮಣ್ಣು ಗೋಡೆಗೆ ತಾಗಿರುವುದು. ಅದನ್ನು ಸರಿಪಡಿಸದೆ ಒಳಗೆ ಏನು ಬಳಿದರೂ ನಿಲ್ಲುವುದಿಲ್ಲ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವವೇ ತಣ್ಣನೆಯ ಗೋಡೆಯ ಮೇಲೆ ಬೆವರಿನಂತೆ ಕೂರುತ್ತಿದೆ.

ನಿಮ್ಮಲ್ಲಿ ಬೀರುವಿನ ಹಿಂದೆ ಮಾತ್ರ ಕಾಣುತ್ತಿರುವುದರಿಂದ ಈ ಎರಡನೆಯದೇ ಇರಬಹುದು. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆಯಿರಿ. ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ಅದರಲ್ಲಿನ ನೀರೆಲ್ಲ ಕೊನೆಗೆ ಸೇರುವುದು ಆ ಗೋಡೆಗೇ. ಬಚ್ಚಲೊಲೆಯ ಬೆಚ್ಚಗೆ ಇರುವ ಕಡೆ ಹಗ್ಗ ಕಟ್ಟಿ. ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆರೆದಿಡಿ.

ಇನ್ನು ತೊಳೆಯುವುದು. ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಉಜ್ಜಿದರೆ ಅದರ ಬೀಜಕಣ ಮನೆಯಿಡೀ ಹರಡುತ್ತದೆ. ಮಾಸ್ಕ್, ಗ್ಲೌಸು ಹಾಕಿ, ಮೊದಲು ಸೋಪುನೀರಿನಲ್ಲಿ ಒದ್ದೆ ಮಾಡಿ ಒರೆಸಿ. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಮುಗಿದುಹೋಗುತ್ತದೆ. ಸೋಪು ತೊಳೆದ ಮೇಲೆ ಒಂದು ಲೀಟರ್ ನೀರಿಗೆ 100 ಮಿಲಿ ಬಟ್ಟೆಯ ಬ್ಲೀಚ್ ಬೆರೆಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಬರೀ ನೀರಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಬ್ಲೀಚಿನ ಜೊತೆ ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಸೇರಿಸಕೂಡದು. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಮರದ ಮುಚ್ಚಿಗೆಗೆ ಬ್ಲೀಚ್ ಬೇಡ. ಅದರ ಔಷಧಿ ಗುಣ ಮೇಲ್ಮೈಯಲ್ಲೇ ಉಳಿದು, ನೀರು ಮಾತ್ರ ಮರದೊಳಗೆ ಇಳಿಯುತ್ತದೆ. ಸೋಪುನೀರಿನ ಬಟ್ಟೆ ಹಿಂಡಿ ಒರೆಸಿ ಫ್ಯಾನ್ ಹಾಕಿದರೆ ಸಾಕು.

ಬಣ್ಣ ಕೇಳಿದಿರಲ್ಲ, ನಮ್ಮ ಸಲಹೆ ಸುಣ್ಣ. ಹೊಸ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಷ್ಟು ಬೇರೂರುವುದು ಕಷ್ಟ, ಗೋಡೆಯ ತೇವ ಆರುವುದಕ್ಕೂ ಅದು ಅಡ್ಡಿಯಾಗುವುದಿಲ್ಲ. ಆಯಿಲ್ ಪೇಂಟಿನ ಮೇಲೆ ಮಾತ್ರ ಸುಣ್ಣ ಹಿಡಿಯದು, ಹಳೆಯ ಬಣ್ಣ ಕೆರೆದು ಫೆಬ್ರವರಿ ಒಣಹವೆಯಲ್ಲಿ ತೆಳ್ಳಗೆ ಮೂರು ಕೈ ಹೊಡೆಸಿ.

ಪ್ರಶ್ನೆ: ಕೈಲ್‌ಪೋಳ್ದ್‌ಗೆಂದು (ಕೊಡವರ ಆಯುಧಪೂಜೆಯ ಹಬ್ಬ) ಕುಪ್ಯ (ಗಂಡಸರ ನಿಲುವಂಗಿ), ಚೇಲೆ (ರೇಷ್ಮೆಯ ನಡುಪಟ್ಟಿ) ಹೊರತೆಗೆದರೆ ಬಿಳಿ ಬೂಷ್ಟು. ನುಸಿಗುಳಿಗೆ ಇಟ್ಟಿದ್ದೆವು. (ವಿರಾಜಪೇಟೆ)

ಉತ್ತರ: ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಬಟ್ಟೆಯನ್ನು ಹೊರಗೆ ಒಯ್ದು ಮೃದು ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಬಿಸಿಲಿಗೆ ಸ್ವಲ್ಪ ಹೊತ್ತು ಮಗುಚಿ ಹಾಕಿ. ರೇಷ್ಮೆ, ಉಣ್ಣೆಗೆ ಬ್ಲೀಚ್ ಮುಟ್ಟಿಸಲೇಬೇಡಿ, ನೂಲೇ ಕರಗಿಹೋಗುತ್ತದೆ. ಕಲೆ ಉಳಿದರೆ ಡ್ರೈಕ್ಲೀನ್ ಮಾಡಿಸಿ. ಬೀರುವಿನಲ್ಲಿ ಬಲ್ಬು ಹಚ್ಚಿಡುವವರಿದ್ದಾರೆ. ಎಲ್‌ಇಡಿಯಿಂದ ಕಾವು ಅಲ್ಪ, ಹಳೆಯ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ. ಸಿಲಿಕಾ ಜೆಲ್ ಚೀಲ ಇಟ್ಟು, ಬಾಗಿಲು ಬಿಗಿಯಾಗಿ ಮುಚ್ಚಿ, ಚೀಲ ತೇವ ಕುಡಿದಾಗ ಬದಲಿಸುತ್ತಿರಿ.

ಪ್ರಶ್ನೆ: ಕಡಿದ ಸಿಲ್ವರ್ ಓಕ್ ಬುಡದಲ್ಲಿ ಅಣಬೆ ಏಳುತ್ತಿದೆ. ಕಿತ್ತರೂ ಬರುತ್ತದೆ.

ಉತ್ತರ: ಮೇಲೆ ಕಾಣುವುದು ಕಾಯಿ ಮಾತ್ರ, ಅದರ ಎಳೆಗಳು ಸತ್ತ ಮರದೊಳಗೆ ಇವೆ. ಬುಡ, ಬೇರು ಅಗೆದು ತೆಗೆದರೆ ನಿಲ್ಲುತ್ತದೆ. ತೆಗೆಯದಿದ್ದರೆ ಅದು ಕೊಳೆತು ಮುಗಿಯುವವರೆಗೆ ಬರುತ್ತಿರುತ್ತದೆ. ಗುರುತಿಲ್ಲದ ಅಣಬೆಯನ್ನು ಕುಮ್ಮ್ ಕರಿಗೆ (ಅಣಬೆ ಸಾರಿಗೆ) ಹಾಕುವ ಯೋಚನೆ ಬೇಡ.

ಪ್ರಶ್ನೆ: ಮನೆ ಹಿತ್ತಲಿನ ಕರಿಮೆಣಸಿನ ಬಳ್ಳಿಯ ಎಲೆಯಲ್ಲಿ ಕಪ್ಪು ಮಚ್ಚೆ, ಉದುರುತ್ತಿದೆ. ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಲವಣ, ಸುಣ್ಣ ಬೆರೆಸಿದ ದ್ರಾವಣ) ಹೊಡೆದರೆ ಎಲೆ ಸುಟ್ಟುಹೋಯಿತು. (ಸೋಮವಾರಪೇಟೆ)

ಉತ್ತರ: ಮಚ್ಚೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೀರೆಯ ಕುಚ್ಚಿನಂತೆ ಎಳೆ ಎಳೆಯಾಗಿ ಹರಡುತ್ತಿದ್ದರೆ ಅದು ಸೊರಗು ರೋಗ ತರುವ, ಶಿಲೀಂಧ್ರದಂಥ ರೋಗಾಣು ಫೈಟಾಫ್ತೊರಾ. ನೆಲದ ಹತ್ತಿರದ ಕಾಂಡ ಕಪ್ಪಾಗಿ ಕೊಳೆತಿದ್ದರೆ ಆ ಬಳ್ಳಿ ಉಳಿಯುವುದಿಲ್ಲ, ಬೇರು ಸಮೇತ ಕಿತ್ತು ಸುಡಿ. ಎಲೆಗೆ ಮಾತ್ರ ಇದ್ದರೆ ಉಳಿಸಬಹುದು.

ಎಲೆ ಸುಟ್ಟಿದ್ದು ದ್ರಾವಣದಲ್ಲಿ ಸುಣ್ಣ ಕಡಿಮೆಯಾಗಿ, ತಾಮ್ರ ಬಿಡಿಯಾಗಿ ಉಳಿದಿದ್ದರಿಂದ ಇರಬಹುದು. ಶೇಕಡಾ 1ರ ದ್ರಾವಣ ಹತ್ತು ಲೀಟರಿಗೆ ಹೀಗೆ ಮಾಡಿ: 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಬಕೆಟಿನಲ್ಲಿ 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಸೋಸಿ, ಐದು ಲೀಟರ್ ಮಾಡಿ. ಎರಡೂ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಕಬ್ಬಿಣ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ, ಲೇಪ ಕೂರದಂತಾಗುವವರೆಗೆ. ಗಾಳಿಗೆ ಬಿಟ್ಟು ಪುಡಿಯಾದ ಹಳೆಯ ಸುಣ್ಣ ತೂಗಿದಷ್ಟೇ ಹಾಕಿದರೂ ಸಾಲದೆ ಬರುವುದು ಇಲ್ಲೇ. ಮಾಡಿದ ದಿನವೇ ಹೊಡೆಯಿರಿ, ಮರುದಿನಕ್ಕೆ ಅದು ಹರಳುಗಟ್ಟಿ ಎಲೆಗೆ ಅಂಟುವುದಿಲ್ಲ.

ಮುಂಗಾರಿಗೆ ಮೊದಲು ಒಮ್ಮೆ, ಆಗಸ್ಟ್ ಹೊಳವಿನಲ್ಲಿ ಇನ್ನೊಮ್ಮೆ, ಎಲೆಯ ಅಡಿಮೈ ನೆನೆಯುವಂತೆ ಹೊಡೆಯಿರಿ. ಬುಡಕ್ಕೆ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ, ಬಳ್ಳಿಗೆ ಐದರಿಂದ ಹತ್ತು ಲೀಟರ್ ಸುರಿಯಿರಿ. ಟ್ರೈಕೋಡರ್ಮಾ (ರೋಗಾಣುವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಹಾಕುವುದಿದ್ದರೆ ಅದರ ಬೆನ್ನಿಗೇ ಬೇಡ, ತಾಮ್ರ ಅದನ್ನೂ ಕುಗ್ಗಿಸುತ್ತದೆ. ಒಂದು ತಿಂಗಳು ಬಿಡಿ. ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆದು, ನೆಲದ ಮೇಲೆ ಹರಿದ ಕುಡಿ ಎತ್ತಿ ಕಟ್ಟಿ, ನೆರಳು ಕಡಿದು ಗಾಳಿ ಆಡಿಸಿ. ಹೆಚ್ಚಿನ ವಿವರಕ್ಕೆ ಮಡಿಕೇರಿ ಬಳಿಯ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ವಿಚಾರಿಸಬಹುದು.

ಔಷಧಿ ಕ್ಯಾನನ್ನು ತೋಡಿನಲ್ಲಿ ತೊಳೆಯಬೇಡಿ, ತಾಮ್ರಕ್ಕೆ ಮೀನು ಸಾಯುತ್ತದೆ.