ಟೊರೊಂಟೊ ಚಳಿ ಇರಲಿ, ಮೊದಲು ಕೆಲಸದ ಮಾತು

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ. ಅಂಗ ಕಸಿ ಆದವರಲ್ಲಿ ಲಸಿಕೆ ಹೇಗೆ ಕೆಲಸ ಮಾಡುತ್ತದೆ ಅನ್ನೋ ಸಂಶೋಧನೆಗೆ ಟೊರೊಂಟೊಗೆ ಬರುತ್ತಿದ್ದೀರಿ. ಚಳಿ ತಡೆಯಬಹುದಾ, ಮನೆ ಎಲ್ಲಿ ಮಾಡಲಿ, ಕೆಲಸದ ಹೊತ್ತು ಹೇಗೆ ಅಂತ ಕೇಳಿದ್ದೀರಿ. ಇಲ್ಲಿ ಇದನ್ನೆಲ್ಲ ತೀರ್ಮಾನ ಮಾಡೋದು ರಕ್ತದ ಟ್ಯೂಬ್.

ರೋಗಿ ಕ್ಲಿನಿಕ್‌ಗೆ ಬಂದು ರಕ್ತ ಕೊಟ್ಟರೆ, ಅದರ ಕೆಲಸ ಅವತ್ತೇ ಮುಗಿಯಬೇಕು. ರಕ್ತದ ಕೋಶಗಳನ್ನು ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ರಕ್ತವನ್ನು ನಿಧಾನಕ್ಕೆ ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ನಡುವೆ ಮಬ್ಬು ಬಿಳಿ ಪದರ ಕಾಣುತ್ತದೆ. ನಮಗೆ ಬೇಕಾದ ರೋಗನಿರೋಧಕ ಜೀವಕೋಶಗಳು ಅಲ್ಲೇ ಇರುತ್ತವೆ. ಅವನ್ನು ತೆಗೆದು, ತೊಳೆದು, ಎಣಿಸಿ ಫ್ರೀಜ್ ಮಾಡುವಷ್ಟರಲ್ಲಿ ಡಿಸೆಂಬರ್‌ನಲ್ಲಾದರೆ ಹೊರಗೆ ಕತ್ತಲು. ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಹಿಮ ಬಿದ್ದು ರೋಗಿ ಬರೋದು ತಡವಾದರೆ ನೀವು ಮನೆಗೆ ಹೋಗೋದೂ ತಡ. ಪಕ್ಕದ ಊರು ಬ್ರಾಂಪ್ಟನ್ ಕಡೆ ನಮ್ಮ ದಿನಸಿ ಅಂಗಡಿ ಜಾಸ್ತಿ, ನಿಜ. ಆದರೂ ಮೊದಲ ಚಳಿಗಾಲಕ್ಕೆ ಸಬ್‌ವೇ, ಅಂದರೆ ಇಲ್ಲಿನ ಮೆಟ್ರೋ ರೈಲಿನ ಹತ್ತಿರ ಒಂದು ರೂಮು ಸಾಕು. ಜಾಕೆಟ್ ಇಲ್ಲೇ ಕೊಳ್ಳಿ.

ಕೆಲಸದ ಬೆಲೆ ತಿಳಿಯಬೇಕಾದರೆ 2021ರ ಕೋವಿಡ್ ಕಾಲ ನೆನಪಿಸಿಕೊಳ್ಳಿ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಮೈಕೊಫಿನೊಲೇಟ್, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಹೆಚ್ಚದಂತೆ ತಡೆಯುತ್ತದೆ. ಲಸಿಕೆ ಫಲಿಸಬೇಕಾದರೆ ಅವೇ ಹೆಚ್ಚಬೇಕು. ಹಾಗಂತ ಮಾತ್ರೆ ನಿಲ್ಲಿಸಿದರೆ ಕಸಿ ಮಾಡಿದ ಅಂಗಕ್ಕೇ ಅಪಾಯ. ಆಗ ಇಲ್ಲಿ ಅಂಗ ಕಸಿ ಆದ 120 ಜನರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಮಾಡರ್ನಾ ಕೋವಿಡ್ ಲಸಿಕೆಯ ಮೂರನೇ ಡೋಸ್, ಉಳಿದವರಿಗೆ ಸುಮ್ನೆ ಸಲೈನ್. ಅಧ್ಯಯನ ನಿಗದಿ ಮಾಡಿದ್ದ ಆ್ಯಂಟಿಬಾಡಿ ಮಟ್ಟವನ್ನು ಡೋಸ್ ಪಡೆದವರಲ್ಲಿ 55% ಮುಟ್ಟಿದರು, ಉಳಿದವರಲ್ಲಿ 18% ಮಾತ್ರ. ಡೋಸ್‌ನಿಂದ ಲಾಭ ಇತ್ತು, ಆದರೆ ಅದು ಎಲ್ಲರಿಗೂ ಸಿಗಲಿಲ್ಲ. ಡೋಸ್ ಪಡೆದೂ ಆ ಮಟ್ಟ ಮುಟ್ಟದ ಸುಮಾರು ಅರ್ಧ ಜನರಿಗೆ ಏನು ಮಾಡೋದು ಅನ್ನೋದೇ ನಿಮ್ಮ ಕೆಲಸ.

ಆ ಜನ ನಿಮ್ಮೆದುರು ಕುರ್ಚಿಯಲ್ಲಿ ಕೂತಿರುತ್ತಾರೆ. ತೋಳು ಚಾಚಿ, "ನನಗೆ ಲಸಿಕೆ ಹತ್ತಿದೆಯಾ? ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗಬಹುದಾ?" ಅಂತ ಕೇಳುತ್ತಾರೆ. ಆ್ಯಂಟಿಬಾಡಿ ಸಂಖ್ಯೆ ನೋಡಿ ಹೌದು ಅನ್ನೋಕೆ ಬರಲ್ಲ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕೋಶಗಳ ಲೆಕ್ಕವೇ ಬೇರೆ ಇರುತ್ತದೆ. ಸಮಾಧಾನಕ್ಕೆ ಅಂತ ಏನೋ ಒಂದು ಹೇಳಿ ಕಳಿಸಬೇಡಿ. ಅವರ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವರ ಮುಂದೆ ಪ್ರಶ್ನೆ ಇಡಿ. ಯಾರದೋ ದಾನದಿಂದ ಬದುಕುಳಿದವರು ಮತ್ತೆ ತಮ್ಮ ರಕ್ತವನ್ನು ನಮ್ಮ ಕೈಗೆ ಕೊಡುತ್ತಿದ್ದಾರೆ. ಇಷ್ಟು ವರ್ಷವಾದರೂ ನನಗೆ ಆ ಗೌರವ ಕಮ್ಮಿಯಾಗಿಲ್ಲ.

ಬರುವಾಗ ನಿಮ್ಮ ಲಸಿಕೆಗಳ ದಾಖಲೆ ತನ್ನಿ, ಹೆಪಟೈಟಿಸ್ ಬಿ ಕಾಗದವಂತೂ ಮರೆಯಬೇಡಿ. ಇಲ್ಲಿ ಪ್ರತಿ ಶರತ್ಕಾಲಕ್ಕೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಸ್ವಲ್ಪ ಕೆಮ್ಮು ಬಂದರೂ ಕ್ಲಿನಿಕ್ ಕಡೆ ಕಾಲಿಡಬೇಡಿ. ಫೋನ್ ಮಾಡಿ, ರಕ್ತ ತರೋಕೆ ಬೇರೆಯವರು ಹೋಗುತ್ತಾರೆ.