ಗೆರೆ ಎಳೆದವರನ್ನು ಮರೆತು ಜಗಳವನ್ನು ಓದಬಹುದೇ?

ಮಾನ್ಯರೇ,

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಎರಡೂ ಬೌದ್ಧ ದೇಶಗಳಾಗಿದ್ದು, ಪ್ರೇಹ್ ವಿಹಾರ್ ಎಂಬ ಶಿವಾಲಯಕ್ಕಾಗಿ ಬಡಿದಾಡುತ್ತಿರುವುದಕ್ಕೆ ಪುರಾತನ ಹಗೆತನವೇ ಮೂಲವೆಂದೂ, ಗುಡಿಯ ಮುಖ ಥಾಯ್ಲೆಂಡಿನತ್ತ ಇರುವುದರಿಂದ ಅದು ಅವರಿಗೇ ಸಲ್ಲಬೇಕೆಂದೂ ಬರೆದಿದ್ದೀರಿ. ಶಿರಸಿಯಿಂದ ಇಷ್ಟು ಆಸ್ಥೆಯಿಂದ ಬರೆಯುವ ಓದುಗರಿರುವುದು ಪತ್ರಿಕೆಯ ಭಾಗ್ಯ. ಆದರೆ ನಿಮ್ಮ ಎರಡು ಮಾತುಗಳನ್ನೂ ನಾನು ಒಪ್ಪಲಾರೆ.

ದಾಂಗ್ರೆಕ್ ಬೆಟ್ಟಸಾಲಿನ ಅಂಚಿನಲ್ಲಿರುವ ಈ ಗುಡಿಯನ್ನು ಕಟ್ಟಿಸಿದವರು ಹಿಂದೆ ಕಾಂಬೋಡಿಯಾವನ್ನು ಆಳಿದ ಖ್ಮೇರ್ ಅರಸರು. ಒಂದನೆಯ ಸೂರ್ಯವರ್ಮನ ಕಾಲದಲ್ಲಿ ಇಲ್ಲಿ ಶಿಖರೇಶ್ವರನಿಗೆ ಪೂಜೆ ಸಲ್ಲುತ್ತಿತ್ತು. ಶಾಸನಗಳು ಸಂಸ್ಕೃತದಲ್ಲಿಯೂ ಖ್ಮೇರ್ ಭಾಷೆಯಲ್ಲಿಯೂ ಇವೆ. ಇಂದಿನ ವ್ಯಾಜ್ಯ ಹುಟ್ಟಿದ್ದು ಮಾತ್ರ ತೀರಾ ಈಚೆಗೆ. 1904ರಲ್ಲಿ, ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್ ಸಯಾಮಿನೊಂದಿಗೆ (ಇಂದಿನ ಥಾಯ್ಲೆಂಡ್) ಮಾಡಿಕೊಂಡ ಒಪ್ಪಂದ, ಗಡಿಯು ಜಲವಿಭಾಜಕ ರೇಖೆಯನ್ನು, ಅಂದರೆ ಮಳೆನೀರು ಎರಡು ಬದಿಗೆ ಒಡೆದು ಹರಿಯುವ ಬೆಟ್ಟದ ನೆತ್ತಿಯನ್ನು, ಅನುಸರಿಸಬೇಕೆಂದಿತು. ನೆತ್ತಿಯ ಮೇಲೆ ಬಿದ್ದ ಮಳೆ ಎತ್ತ ಹರಿಯುತ್ತದೆಂಬುದು ಘಟ್ಟದವರಾದ ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಅಳತೆಗೆ ತಕ್ಕ ಸಾಧನಗಳಿಲ್ಲದ ಸಯಾಮ್, ನಕ್ಷೆ ಬರೆಯುವ ಕೆಲಸವನ್ನು ಫ್ರೆಂಚ್ ಅಧಿಕಾರಿಗಳಿಗೇ ಒಪ್ಪಿಸಿತು. 1908ರಲ್ಲಿ ಪ್ಯಾರಿಸಿನಿಂದ ಬಂದ ಹಾಳೆಯಲ್ಲಿ ಗುಡಿ ಕಾಂಬೋಡಿಯಾದೊಳಗಿತ್ತು.

ಬೆಟ್ಟದ ನಿಜವಾದ ಜಲವಿಭಾಜಕವನ್ನು ಹಿಡಿದರೆ ಗುಡಿ ತಮ್ಮದು ಎಂಬ ಥಾಯ್ಲೆಂಡಿನ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸಯಾಮಿನ ಆಗಿನ ಒಳಾಡಳಿತ ಸಚಿವ ರಾಜಕುಮಾರ ದಾಮ್‌ರೊಂಗ್ ಆ ನಕ್ಷೆಗಳಿಗಾಗಿ ಕೃತಜ್ಞತೆ ತಿಳಿಸಿ, ತಮ್ಮ ಪ್ರಾಂತ್ಯಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿಗಳನ್ನು ಕೇಳಿ ಪಡೆದರು! 1930ರಲ್ಲಿ ಅವರು ಗುಡಿಗೆ ಹೋದಾಗ ಅಲ್ಲಿ ಫ್ರೆಂಚ್ ಬಾವುಟ ಹಾರುತ್ತಿತ್ತು. ಸಮವಸ್ತ್ರ ತೊಟ್ಟ ಫ್ರೆಂಚ್ ಅಧಿಕಾರಿ ಅತಿಥಿಯಂತೆ ಬರಮಾಡಿಕೊಂಡರು. ಯಾರೂ ಆಕ್ಷೇಪ ಎತ್ತಲಿಲ್ಲ. 1934–35ರಲ್ಲಿ ತಮ್ಮದೇ ಮೋಜಣಿಯಲ್ಲಿ ನಕ್ಷೆಯ ಗೆರೆಗೂ ನಿಜವಾದ ಜಲವಿಭಾಜಕಕ್ಕೂ ವ್ಯತ್ಯಾಸ ಕಂಡುಬಂದ ಮೇಲೂ ಸಯಾಮ್ ಹಳೆಯ ಗೆರೆಯ ನಕ್ಷೆಗಳನ್ನೇ ಬಳಸಿತು. ಅರ್ಧ ಶತಮಾನ ಸುಮ್ಮನಿದ್ದು, ಕಾಂಬೋಡಿಯಾ ಸ್ವತಂತ್ರವಾದ ಮರುವರ್ಷವೇ, 1954ರಲ್ಲಿ, ಗುಡಿಗೆ ಕಾವಲು ಹಾಕಿದ್ದು ನೆರೆಯವರಿಗೆ ತಕ್ಕ ನಡೆಯಲ್ಲ. 1962ರ ಜೂನ್ 15ರಂದು ಅಂತರರಾಷ್ಟ್ರೀಯ ನ್ಯಾಯಾಲಯ 9–3ರ ಬಹುಮತದಿಂದ ಗುಡಿ ಕಾಂಬೋಡಿಯಾದ್ದೆಂದು ತೀರ್ಪಿತ್ತಿತು.

ಗುಡಿಯ ಮುಖ ಎತ್ತ ಎಂಬುದು ಆ ತೀರ್ಪಿನ ಬುನಾದಿಯಾಗಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ತಮ್ಮನ್ನು ಆಕ್ಷೇಪಿಸುತ್ತಿಲ್ಲ, ಗುಂಡಿನ ಸದ್ದು ಕೇಳಿದ ದಿನ ಮಾತ್ರ ಎಚ್ಚರಗೊಳ್ಳುವ ನಮ್ಮ ಪತ್ರಿಕೆಗಳೂ ಟಿವಿ ವಾಹಿನಿಗಳೂ ಓದುಗರಿಗೆ ಈ ಹಿನ್ನೆಲೆಯನ್ನು ಒದಗಿಸುವುದೇ ಇಲ್ಲ. ಯಾವ ಎರಡು ದೇಶಗಳು ಕಾದಾಡಿದರೂ ‘ಶತಮಾನಗಳ ದ್ವೇಷ’ ಎಂಬ ಸಿದ್ಧ ಮಾತನ್ನು ಅಂಟಿಸಿಬಿಟ್ಟರೆ, ಗೆರೆ ಎಳೆದು ಹಡಗು ಹತ್ತಿದ ಸಾಮ್ರಾಜ್ಯಗಳು ಸುಲಭವಾಗಿ ಪಾರಾಗುತ್ತವೆ. ಶಾಲೆಯಲ್ಲಿ ಮಕ್ಕಳಿಂದ ನಕ್ಷೆಗೆ ಬಣ್ಣ ತುಂಬಿಸುತ್ತೇವೆ; ಆ ಗೆರೆಯನ್ನು ಯಾರು, ಯಾವ ವರ್ಷ, ಯಾರನ್ನು ಕೇಳಿ ಎಳೆದರೆಂದು ಒಬ್ಬ ಮೇಷ್ಟರಾದರೂ ಹೇಳಿಕೊಡಬೇಕಲ್ಲವೇ?

ತೀರ್ಪಿನ ನಂತರವೂ ಜಗಳವೇಕೆ ಎಂದೂ ಕೇಳಿದ್ದೀರಿ. ನ್ಯಾಯಾಲಯ ತೀರ್ಮಾನಿಸಿದ್ದು ಗುಡಿಯನ್ನು, ಇಡೀ ಗಡಿಯನ್ನಲ್ಲ. ಸುತ್ತಲಿನ ಸುಮಾರು 4.6 ಚದರ ಕಿಲೋಮೀಟರ್ ನೆಲದ ವಿವಾದ ಹಾಗೇ ಉಳಿಯಿತು. 2008ರಲ್ಲಿ ಗುಡಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದು ಮತ್ತೆ ಕೆರಳಿತು. 2013ರಲ್ಲಿ ಅದೇ ನ್ಯಾಯಾಲಯ ಗುಡಿ ನಿಂತ ಕೋಡುಗುಡ್ಡದ ನೆಲವೂ ಕಾಂಬೋಡಿಯಾದ್ದೆಂದು ಸ್ಪಷ್ಟಪಡಿಸಿತಾದರೂ, ಅದರಾಚೆಯ ಗಡಿಯನ್ನು ಮುಟ್ಟಲಿಲ್ಲ. 2025ರ ಜುಲೈನಲ್ಲಿ ಕಾಳಗ ಹೊತ್ತಿಕೊಂಡ, ಗಡಿಯ ಇನ್ನೊಂದು ಗುಡಿಯಾದ ತಾ ಮುಯೆನ್ ಥಾಮ್ ಇರುವುದು ಆ ತೀರ್ಪು ತಲುಪದ ಭಾಗದಲ್ಲಿಯೇ.

– ಸಂಪಾದಕ