ಝಿರಾ, ಝರಣಿ, ಝರಿ: ಬೀದರಿನ ನೀರಿನ ಮಾತು

ಬೀದರ್ ನೋಡಿ ಹೋದವರೊಬ್ಬರು ಕೇಳಿದ್ದಾರೆ: ಗುರುದ್ವಾರಕ್ಕೆ ಗುರುನಾನಕ್ ಝಿರಾ, ಗುಹೆಯ ದೇವಸ್ಥಾನಕ್ಕೆ ಝರಣಿ ನರಸಿಂಹ, ಈ ಹೆಸರು ಯಾವ ಭಾಷೆಯವು? ಉರ್ದುನಾ?

ಇಲ್ಲಿ ನಾವು ಮಾತನ್ನು ಹಾಗೆ ಬಿಡಿಸಿ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖ್ಖನಿ ಉರ್ದು, ಉದಗೀರ್ ಕಡೆಯ ನೆಂಟರು ಬಂದರೆ ಮರಾಠಿ. ಕಲ್ಲಿನ ಸಂದಿಯಿಂದ ನೀರು ಬಂದರೆ ಮಾತ್ರ ಎಲ್ಲರ ಬಾಯಲ್ಲೂ ಝಕಾರವೇ. ಉರ್ದುವಿನಲ್ಲಿ ಝರ್ನಾ, ಮರಾಠಿಯಲ್ಲಿ ಝರಾ, ಕನ್ನಡದಲ್ಲಿ ಝರಿ.

ಉರ್ದು ಅಂದ ಕೂಡಲೇ ಎಲ್ಲ ಪದವೂ ಅರಬಿ, ಪಾರಸಿ ಅಂದುಕೊಳ್ಳುವವರೇ ಜಾಸ್ತಿ. ಆದರೆ ಆ ಎರಡು ಭಾಷೆಗಳಲ್ಲಿ ‘ಝ’ ಎಂಬ ಮಹಾಪ್ರಾಣ ಇಲ್ಲ. ಉರ್ದುವಿನಲ್ಲಿ ಅದನ್ನು ಬರೆಯಲು ಜೀಮ್ ಅಕ್ಷರಕ್ಕೆ ‘ದೋ ಚಶ್ಮಿ ಹೇ’ ಸೇರಿಸುತ್ತಾರೆ, ಅಂದರೆ ಎರಡು ಕಣ್ಣಿನ ಹೇ. ಅದು ಕಂಡರೆ ಪದ ಈ ನೆಲದ್ದು ಎನ್ನಲು ಒಳ್ಳೆಯ ಗುರುತು.

ಝರ್ನಾದ ಬೇರು ಸಂಸ್ಕೃತದ ‘ಕ್ಷರ್’. ಹರಿ, ಸೋರು, ಸವೆದು ಹೋಗು ಎಂದು ಅರ್ಥ. ‘ಕ್ಷರತಿ’ ಜನರ ಆಡುಮಾತಾದ ಪ್ರಾಕೃತದ ಬಾಯಲ್ಲಿ ‘ಝರಇ’ ಆಯಿತು. ಮುಂದೆ ಅದೇ ಝರ್ನಾ. ಸಂಸ್ಕೃತ ಕೂಡ ಜನರ ಆ ‘ಝ’ವನ್ನು ವಾಪಸ್ ತೆಗೆದುಕೊಂಡಿತು, ‘ನಿರ್ಝರ’ ಬಂದದ್ದು ಹಾಗೆ. ನನಗೆ ತುಂಬ ಇಷ್ಟವಾದದ್ದು ಬೇರೆಯೇ ಇದೆ. ಮಕ್ಕಳಿಗೆ ನಾವು ತಿದ್ದಿಸುವ ‘ಅಕ್ಷರ’ವೂ ಇದೇ ಬೇರಿನದು! ಸೋರಿ ಹೋಗದೆ ನಿಲ್ಲುವುದು ಅ-ಕ್ಷರ. ಝರಣಿಯ ನೀರು, ಸ್ಲೇಟಿನ ಮೇಲಿನ ಅ ಆ ಇ ಈ, ಎರಡೂ ಒಂದೇ ಮನೆಯವು ಅಲ್ವಾ.

ಉರ್ದುವಿನಲ್ಲಿ ಝರ್ನಾ ಜೊತೆ ಪಾರಸಿ ಪದಗಳೂ ಬಳಕೆಯಲ್ಲಿವೆ. ಜಲಪಾತಕ್ಕೆ ಆಬ್‌ಶಾರ್, ಬುಗ್ಗೆಗೆ ಚಶ್ಮಾ.

ನಮ್ಮಲ್ಲಿ ಈ ಪದ ಇಷ್ಟು ಬಳಕೆಯಾಗಲು ನೆಲವೂ ಕಾರಣ. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಮಳೆ ನೀರು ಅದರ ತೂತುಗಳಲ್ಲಿ ಇಳಿದು ಅಂಚಿನಲ್ಲಿ ಒಸರುತ್ತದೆ. ಗುರುನಾನಕರು ಇಲ್ಲಿ ಸಿಹಿನೀರು ಬರಿಸಿದರು ಎಂದು ಸಿಖ್ಖರ ನಂಬಿಕೆ. ನರಸಿಂಹನ ಗುಹೆಯಲ್ಲಿ ಸುಮಾರು 300 ಮೀಟರ್ ದೂರ ನೀರಲ್ಲೇ ನಡೆದು ದರ್ಶನ ಮಾಡಬೇಕು, ನೀರು ಎದೆಮಟ್ಟಕ್ಕೂ ಬರುತ್ತದೆ.

ಮುಂದಿನ ಸಲ ಬಂದಾಗ ಆಟೋದವರಿಗೆ ಸುಮ್ನೆ ‘ಝಿರಾ’ ಅನ್ನಿ, ಗುರುದ್ವಾರಕ್ಕೆ ಬಿಡುತ್ತಾರೆ. ಗುಹೆಗೆ ಹೋಗಬೇಕಿದ್ದರೆ ‘ಝರಣಿ’ ಅಂತಲೇ ಹೇಳಿ.